ಪಂಚಾಂಗದೊಳಗಿನ ಇಬ್ಬರು ರಾಹುಗಳು

ಗ್ರಹಣ ಹಿಡಿದ ದಿನ ನಮ್ಮಜ್ಜಿ ಹಿತ್ತಾಳೆ ತಟ್ಟೆಗೆ ನೀರು ಹುಯ್ದು ನಡುವೆ ಒನಕೆ ನಿಲ್ಲಿಸುತ್ತಿದ್ದರು. ಒನಕೆ ನಿಂತಿದ್ದರೆ ಗ್ರಹಣ ಇನ್ನೂ ಇದೆ, ಬಿದ್ದರೆ ಬಿಟ್ಟಿತು ಎಂದು ಲೆಕ್ಕ. ಉಪ್ಪಿನಕಾಯಿ ಜಾಡಿ, ಹಾಲಿನ ಪಾತ್ರೆ, ಕುಡಿಯುವ ನೀರು, ಎಲ್ಲದರ ಮೇಲೂ ಒಂದೊಂದು ದರ್ಭೆ. ಮುಂದಿನ ವಾರ ಅಡುಗೆಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅದೇ ತಟ್ಟೆಯಲ್ಲಿ ಅದೇ ಒನಕೆಯನ್ನು ನಾನೂ ನಿಲ್ಲಿಸಿದೆ. ನಿಂತಿತು. ಬುಡ ಸಪಾಟಾಗಿದ್ದು ಕೈ ನಡುಗದಿದ್ದರೆ ಒನಕೆ ಯಾವ ದಿನವಾದರೂ ನಿಲ್ಲುತ್ತದೆ. ಓಡಿಹೋಗಿ ಅಜ್ಜಿಗೆ ಹೇಳಿದರೆ, "ನಿಂತರೆ ನಿಲ್ಲಲಿ ಬಿಡೋ, ಮೊದಲು ನೆಲ ಒರೆಸು" ಅಂದರು.

ಅವರು ನಿಜಕ್ಕೂ ನಂಬಿದ್ದು ಒನಕೆಯನ್ನಲ್ಲ, ಮೊಳೆಗೆ ನೇತುಹಾಕಿದ್ದ ಪಂಚಾಂಗವನ್ನು. ಸ್ಪರ್ಶ (ಹಿಡಿಯುವುದು), ಮಧ್ಯ, ಮೋಕ್ಷ (ಬಿಡುವುದು) ಮೂರಕ್ಕೂ ಅದರಲ್ಲಿ ಗಂಟೆ, ನಿಮಿಷ ಇರುತ್ತಿತ್ತು. ಮೋಕ್ಷದ ಹೊತ್ತಿಗೆ ಸ್ನಾನದ ನೀರು ಕಾದಿರಬೇಕು. ಆ ನಿಮಿಷ ಎಲ್ಲಿಂದ ಬಂತು ಅಂತ ನಾನು ಯೋಚಿಸಿದ್ದು ಬಹಳ ವರ್ಷಗಳ ಮೇಲೆ. ಬಂದದ್ದು ರಾಹುವಿನಿಂದಲೇ. ಆದರೆ ಅಮೃತ ಕದ್ದು ಕುಡಿದು ತಲೆ ಕಡಿಸಿಕೊಂಡ ರಾಹುವಿನಿಂದಲ್ಲ.

ಆಕಾಶದಲ್ಲಿ ಸೂರ್ಯ ವರ್ಷವಿಡೀ ಸಾಗುವಂತೆ ಕಾಣುವ ಒಂದು ದಾರಿಯಿದೆ. ಚಂದ್ರನ ದಾರಿ ಅದಕ್ಕೆ ಸುಮಾರು 5 ಡಿಗ್ರಿ ಓರೆ. ಓರೆ ಇಲ್ಲದಿದ್ದರೆ ಪ್ರತಿ ಅಮಾವಾಸ್ಯೆಗೂ ಸೂರ್ಯಗ್ರಹಣ, ಪ್ರತಿ ಹುಣ್ಣಿಮೆಗೂ ಚಂದ್ರಗ್ರಹಣ ಆಗುತ್ತಿತ್ತು. ಅಜ್ಜಿಯ ದರ್ಭೆ ಸಾಲುತ್ತಿರಲಿಲ್ಲ. ಓರೆ ಇರುವುದರಿಂದ ಎರಡು ದಾರಿಗಳೂ ಎರಡೇ ಕಡೆ ಕೂಡುತ್ತವೆ. ಚಂದ್ರ ಉತ್ತರಕ್ಕೆ ದಾಟುವ ಜಾಗ ರಾಹು, ದಕ್ಷಿಣಕ್ಕೆ ದಾಟುವ ಜಾಗ ಕೇತು. ಜಾತಕದಲ್ಲಿ ಇವರಿಬ್ಬರೂ ಯಾವಾಗಲೂ ಎದುರುಬದುರು ಮನೆಯಲ್ಲೇ ಕೂತಿರುವುದು ಇದಕ್ಕೇ. ಸೂರ್ಯ ಈ ಜಾಗಗಳ ಹತ್ತಿರ ಬಂದಾಗ ಅಮಾವಾಸ್ಯೆಯೋ ಹುಣ್ಣಿಮೆಯೋ ಕೂಡಿಬಂದರೆ ಗ್ರಹಣ. ಈ ಎರಡು ಬಿಂದುಗಳೂ ನಿಂತಲ್ಲಿ ನಿಲ್ಲದೆ ಹಿಂದಕ್ಕೆ ಜಾರುತ್ತ 18.6 ವರ್ಷಕ್ಕೊಂದು ಸುತ್ತು ಮುಗಿಸುತ್ತವೆ. ಅದನ್ನು ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಒಂದೂವರೆ ವರ್ಷ. ಟಿವಿ ಜ್ಯೋತಿಷಿಗಳು ಒಂದೂವರೆ ವರ್ಷಕ್ಕೊಮ್ಮೆ ದನಿ ತಗ್ಗಿಸಿ ಹೇಳುವ ರಾಹು-ಕೇತು ಸಂಚಾರ ಇದೇ. ಅವರ ಅಂಕಿಯಲ್ಲಿ ತಪ್ಪಿಲ್ಲ. ಆದರೆ ಮಂಗಳನತ್ತ ಇಸ್ರೊ ನೌಕೆ ಕಳಿಸಿತು; ರಾಹುವಿನತ್ತ ಕಳಿಸಿದರೆ ಇಳಿಯಲು ನೆಲವೇ ಇಲ್ಲ. ಅದು ಎರಡು ಗೆರೆ ಕೂಡುವ ಚುಕ್ಕಿ. ಆ ಚುಕ್ಕಿಗೆ ಮದುವೆ ತಡಮಾಡುವ ಉಮೇದು ಎಲ್ಲಿಂದ ಬಂದೀತು?

(ರಾಹುಕಾಲಕ್ಕಂತೂ ಈ ಚುಕ್ಕಿಯ ನಂಟೂ ಇಲ್ಲ. ಹಗಲನ್ನು ಎಂಟು ಪಾಲು ಮಾಡಿ ವಾರದ ಒಂದೊಂದು ದಿನಕ್ಕೆ ಒಂದೊಂದು ಪಾಲು ಕೊಟ್ಟಿದ್ದಾರೆ: ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ರಾಹು ಆಗ ಯಾವ ರಾಶಿಯಲ್ಲಿದ್ದರೂ ಅಷ್ಟೇ.)

ಗ್ರಹಣಕ್ಕೆ ರಾಕ್ಷಸ ಕಾರಣವಲ್ಲ ಎಂಬುದನ್ನು ಪಶ್ಚಿಮದವರು ಬಂದು ನಮಗೆ ಹೇಳಿಕೊಡಬೇಕಾಗಿರಲಿಲ್ಲ. 499ರಲ್ಲಿ ಇಪ್ಪತ್ಮೂರರ ಹರೆಯದ ಆರ್ಯಭಟ ತನ್ನ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಬರೆದ: 'ಛಾದಯತಿ ಶಶೀ ಸೂರ್ಯಂ ಶಶಿನಂ ಮಹತೀ ಚ ಭೂಚ್ಛಾಯಾ'. ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ದೊಡ್ಡ ನೆರಳು. ಮುಂದಿನ ಶತಮಾನದ ವರಾಹಮಿಹಿರ, ಶಕುನಗಳನ್ನು ಕಟ್ಟಾ ನಂಬಿದವನು, ಅವನೂ ಗ್ರಹಣಕ್ಕೆ ರಾಹು ಕಾರಣವಲ್ಲ ಎಂದ. ನನಗೆ ಕುತೂಹಲ ಗಣಿತಜ್ಞ ಬ್ರಹ್ಮಗುಪ್ತನ ಬಗ್ಗೆ. 628ರ ತನ್ನ ಗ್ರಂಥದಲ್ಲಿ ಆತ, ರಾಹುವನ್ನು ಅಲ್ಲಗಳೆದರೆ ಶ್ರುತಿ ಸ್ಮೃತಿಗಳಿಗೆ ವಿರೋಧವಾಗುತ್ತದೆ ಎಂದು ಆರ್ಯಭಟಾದಿಗಳನ್ನು ಗದರುತ್ತಾನೆ. ಗ್ರಹಣ ಲೆಕ್ಕಹಾಕುವಾಗ ಮಾತ್ರ ನೆರಳಿನ ಅಗಲವನ್ನೇ ಅಳೆಯುತ್ತಾನೆ. ನಾನೂರು ವರ್ಷಗಳ ಮೇಲೆ ಇದನ್ನು ಓದಿದ ಮಧ್ಯ ಏಷ್ಯಾದ ವಿದ್ವಾಂಸ ಅಲ್‌ಬಿರೂನಿಗೆ ತಡೆಯಲಾಗಲಿಲ್ಲ. ಇಷ್ಟು ಬಲ್ಲವನು ಆತ್ಮಸಾಕ್ಷಿಗೆ ವಿರುದ್ಧ ಹೀಗೆ ಬರೆಯಬೇಕಾದರೆ, ತನ್ನ ವಿಚಾರಗಳಿಗಾಗಿ ವಿಷ ಕುಡಿಯಬೇಕಾಗಿ ಬಂದ ಸಾಕ್ರೆಟಿಸನಿಗೆ ಒದಗಿದಂಥ ಗಂಡಾಂತರವೇ ಇವನಿಗೂ ಎದುರಾಗಿರಬೇಕು ಎಂದು ಊಹಿಸಿದ. ಭಯವೋ, ಅಥವಾ ನಮ್ಮ ಅನೇಕ ಮೇಷ್ಟ್ರುಗಳ ಹಾಗೆ ಶಾಲೆಯಲ್ಲೊಂದು ಮನೆಯಲ್ಲೊಂದು ಎನ್ನುವ ರೂಢಿಯೋ! ನನಗೆ ಎರಡನೆಯದೇ ಹೆಚ್ಚು ಪರಿಚಿತ.

ಅಂತೂ ಇಬ್ಬರು ರಾಹುಗಳೂ ಒಂದೇ ಪಂಚಾಂಗದಲ್ಲಿ ಬಾಡಿಗೆಗಿದ್ದಾರೆ. ಒಬ್ಬ ನಿಮಿಷ ಕೊಡುತ್ತಾನೆ, ಇನ್ನೊಬ್ಬ ಆ ನಿಮಿಷದಲ್ಲಿ ಏನು ಮಾಡಬೇಕೆಂದು ಹೇಳುತ್ತಾನೆ. ನಾವು ಮೊದಲನೆಯವನ ಕರಾರುವಾಕ್ಕನ್ನು ಎರಡನೆಯವನ ಖಾತೆಗೆ ಜಮಾ ಮಾಡುತ್ತೇವೆ. 'ಹೇಳಿದ ಹೊತ್ತಿಗೇ ಹಿಡಿಯಿತಲ್ಲ, ಹಾಗಾದರೆ ದೋಷವೂ ನಿಜ' ಅನ್ನುವ ವಾದ ಎಷ್ಟು ಸಲ ಕೇಳಿದ್ದೇನೋ. ರೈಲು ಹೇಳಿದ ಹೊತ್ತಿಗೆ ಬಂದ ಮಾತ್ರಕ್ಕೆ ಸ್ಟೇಷನ್ ಮಾಸ್ತರನ ಭವಿಷ್ಯ ನಂಬುತ್ತೇವೆಯೆ?

ಬಾಗಿಲು ಹಾಕಿ ಕೂತ ಊರುಗಳಲ್ಲೇ ಹೊರಗೆ ನಿಂತು ನೋಡಿದವರೂ ಇದ್ದರು. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣದಲ್ಲಿ ಗುಂಟೂರಿನಿಂದ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್, ನಮ್ಮ ಜಮಖಂಡಿಯಿಂದ ಜಾನ್ ಹರ್ಷೆಲ್ ಎಂಬ ಲೆಫ್ಟಿನೆಂಟ್ ಸೂರ್ಯನ ಅಂಚಿನಲ್ಲಿ ಚಾಚಿದ ಕೆಂಪು ಜ್ವಾಲೆಗಳ ಬೆಳಕನ್ನು ಬಣ್ಣಬಣ್ಣವಾಗಿ ಒಡೆದು ನೋಡಿದರು. ಬಿಡಿಬಿಡಿಯಾದ ಹೊಳಪು ಗೆರೆಗಳು ಕಂಡವು. ಅಂದರೆ ಅದು ಕುದಿಯುವ ಅನಿಲ. ಆಗ ಕಂಡ ಹಳದಿ ಗೆರೆಯೇ ಮುಂದೆ ಹೀಲಿಯಂ ಎಂಬ ಹೊಸ ಧಾತುವಿನ ಗುರುತಾಯಿತು. 1980ರ ಫೆಬ್ರವರಿ 16ರಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಉಪಕರಣ ಹೂಡಿ ಕೂತಿದ್ದರು. ಹಗಲು ಕತ್ತಲಾದದ್ದು ಎರಡೂವರೆ ನಿಮಿಷಕ್ಕೂ ತುಸು ಹೆಚ್ಚು, ಅಷ್ಟೇ.

ದರ್ಭೆ, ತಲೆಸ್ನಾನಗಳ ಬಗ್ಗೆ ನನಗೆ ಜಗಳವಿಲ್ಲ. ಅಜ್ಜಿಯ ಸಡಗರ ಯಾರಿಗೂ ನೋವು ಮಾಡಲಿಲ್ಲ. ಆದರೆ 2019ರ ಡಿಸೆಂಬರ್ 26ರಂದು, ಕೊಡಗು ಮಂಗಳೂರುಗಳಲ್ಲಿ ಜನ ಕನ್ನಡಕ ಹಾಕಿಕೊಂಡು ಸೂರ್ಯ ಬಳೆಯಂತೆ ಕಾಣುವ ಕಂಕಣ ಗ್ರಹಣ ನೋಡುತ್ತಿದ್ದ ಬೆಳಿಗ್ಗೆ, ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ವಾಸಿಯಾಗಲೆಂದು ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದರು. ಹೆತ್ತವರೇ, ಅಕ್ಕರೆಯಿಂದಲೇ. ಆ ಗುಂಡಿಗಳನ್ನು ಎಷ್ಟು ಹೊತ್ತಿಗೆ ತೋಡಿ ಮುಗಿಸಬೇಕೆಂದು ಅವರಿಗೆ ತಿಳಿಸಿದ್ದೂ ಅದೇ 5 ಡಿಗ್ರಿ ಓರೆಯ ಲೆಕ್ಕ.