‘ಯಾರಿಗೂ ಹೇಳ್ಬೇಡಿ ಅಕ್ಕಾ’ ಅಂದರೆ ಏನು ಮಾಡಬೇಕು?

ಪ್ರಶ್ನೆ: ನಾನು ಬಸ್ ನಿಲ್ದಾಣದ ಆಸುಪಾಸಿನಲ್ಲಿ ಕೆಲಸ ಮಾಡುವ ಕ್ಷೇತ್ರ ಕಾರ್ಯಕರ್ತೆ. ಮೊಬೈಲ್ ಕೊಡಿಸಿದವನೊಬ್ಬ ತನ್ನನ್ನು ಲಾಡ್ಜ್‌ಗಳಿಗೆ ಕಳಿಸುತ್ತಾನೆ ಎಂದ ಹದಿನಾರರ ಹುಡುಗಿ, ಯಾರಿಗೂ ಹೇಳಬೇಡಿ ಎಂದು ಕೈ ಹಿಡಿದಳು. ಏನು ಮಾಡಲಿ?

ಉತ್ತರ: ‘ಹೇಳಲ್ಲ’ ಅಂತ ಮಾತ್ರ ಮಾತು ಕೊಡಬೇಡಿ. ಹದಿನೆಂಟು ತುಂಬದವರ ಮೇಲಿನ ಲೈಂಗಿಕ ಅಪರಾಧದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ, ಮಕ್ಕಳನ್ನು ಇಂಥ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ‘ನಾನೇ ಒಪ್ಪಿ ಹೋದೆ’ ಎಂದು ಅವಳು ಹೇಳಿದರೂ ಕಾನೂನು ಬದಲಾಗುವುದಿಲ್ಲ. ಹೀಗೆನ್ನಿ: ‘ಇದನ್ನ ನಾನೊಬ್ಬಳೇ ಇಟ್ಕೊಳ್ಳೋಕಾಗಲ್ಲಮ್ಮ. ಆದ್ರೆ ಯಾರಿಗೆ, ಏನು ಹೇಳ್ತೀನಿ ಅನ್ನೋದನ್ನ ಮೊದಲು ನಿನಗೇ ಹೇಳ್ತೀನಿ.’

ವಿವರ ಕೆದಕಬೇಡಿ. ಪೊಲೀಸರು, ವೈದ್ಯರು, ಮ್ಯಾಜಿಸ್ಟ್ರೇಟರ ಮುಂದೆ ಅವಳು ಇನ್ನೂ ಹೇಳಬೇಕಿದೆ. ನಿಮ್ಮ ಪ್ರಶ್ನೆಯೇ ಅವಳ ಬಾಯಿಗೆ ಮಾತು ತುರುಕಿತು ಎಂದು ಎದುರು ವಕೀಲರು ವಾದಿಸಬಹುದು. ಕೇಳಬೇಕಾದ್ದು ಇಷ್ಟೇ: ಇವತ್ತು ರಾತ್ರಿ ಎಲ್ಲಿ ಮಲಗುತ್ತೀ, ಗಾಯ ಆಗಿದೆಯಾ, ಕೊನೆಯ ಸಲ ಯಾವಾಗ? ಉತ್ತರವನ್ನು ಅವಳದೇ ಮಾತಿನಲ್ಲಿ, ದಿನಾಂಕ, ವೇಳೆ ಹಾಕಿ ಬರೆದಿಡಿ. ಫೋಟೊ ಬೇಡ. ಸಂಸ್ಥೆಯ ವಾಟ್ಸ್ಆ್ಯಪ್ ಗುಂಪಂತೂ ಬೇಡವೇ ಬೇಡ. ಹೆಸರು ತೆಗೆದರೂ ಶಾಲೆ, ಬಡಾವಣೆಯಿಂದ ಗುರುತು ಸಿಕ್ಕಿಬಿಡುತ್ತದೆ.

ಕೊನೆಯ ಘಟನೆ 72 ಗಂಟೆಯೊಳಗಿನದಾದರೆ ಮೊದಲು ಸರ್ಕಾರಿ ಆಸ್ಪತ್ರೆ. ಎಚ್‌ಐವಿ ತಡೆಯುವ ಮಾತ್ರೆ ಆ ಅವಧಿಯೊಳಗೆ ಶುರುವಾಗಿ 28 ದಿನ ನಡೆಯಬೇಕು; ಗರ್ಭ ತಡೆಯುವ ಮಾತ್ರೆಯೂ ಬೇಗ ಕೊಟ್ಟಷ್ಟು ಒಳ್ಳೆಯದು. ಎಫ್‌ಐಆರ್ ಇಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ಹುಡುಗಿಯನ್ನು ಪರೀಕ್ಷಿಸಬೇಕಾದ್ದು ಮಹಿಳಾ ವೈದ್ಯರೇ. ಒಗೆಯದ ಬಟ್ಟೆಯನ್ನು ಕಾಗದದ ಕವರಿನಲ್ಲಿಡಿ, ಪ್ಲಾಸ್ಟಿಕ್‌ನಲ್ಲಿ ತೇವಕ್ಕೆ ಸಾಕ್ಷ್ಯ ಕೆಡುತ್ತದೆ.

ದೂರಿಗೆ ಸ್ಥಳೀಯ ಠಾಣೆ, ಸಹಾಯಕ್ಕೆ ಮಕ್ಕಳ ಸಹಾಯವಾಣಿ 1098. ಹೇಳಿಕೆಯನ್ನು ಪೊಲೀಸರು ಅವಳ ಮನೆಯಲ್ಲೋ ಅವಳು ಬಯಸಿದ ಜಾಗದಲ್ಲೋ, ಸಮವಸ್ತ್ರ ತೊಡದೆ ಪಡೆಯಬೇಕು; ರಾತ್ರಿ ಠಾಣೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ವಿಚಾರಣೆ ಮುಗಿಯುವವರೆಗೂ ಜೊತೆಗಿರುವ ‘ಬೆಂಬಲ ವ್ಯಕ್ತಿ’ಯನ್ನು ಅಲ್ಲಿಯೇ ಕೇಳಿ. ಗಾಬರಿಯಲ್ಲಿ ತಾಯಿಗೆ ಫೋನ್ ಹಚ್ಚುವವರು ಬಹಳ. ಮನೆಯವರದೇ ಕೈವಾಡ ಇಲ್ಲವೆಂದು ತಿಳಿಯದೆ ಹಾಗೆ ಮಾಡಬೇಡಿ. (ಹುಡುಗರಿಗೂ ಇದೇ ಕಾನೂನು. ಅವರನ್ನು ಯಾರೂ ಕೇಳುವುದೇ ಇಲ್ಲ, ಅಷ್ಟೆ.)

ಇಷ್ಟಾದರೂ ಅವಳು ಮತ್ತೆ ಅವನ ಹತ್ತಿರ ಹೋಗಬಹುದು. ರೀಚಾರ್ಜ್, ಊಟ, ಮಲಗುವ ಜಾಗ ಎಲ್ಲ ಅವನ ಕೈಯಲ್ಲಿದೆ. ಅವಕ್ಕೆ ಬದಲಿ ಹುಡುಕದ ಬುದ್ಧಿಮಾತು ಅವಳಿಗೆ ನಾಟುವುದಿಲ್ಲ. ತಕ್ಷಣದ ಊಟ, ಬಟ್ಟೆ, ಪ್ರಯಾಣಕ್ಕೆಂದು 2020ರ ಪೋಕ್ಸೊ ನಿಯಮಗಳಲ್ಲಿ ವಿಶೇಷ ಪರಿಹಾರವಿದೆ, ಸಮಿತಿಯ ಮುಂದೆ ಬಾಯಿಬಿಟ್ಟು ಕೇಳಿ. ವಾರದ ಅದೇ ದಿನ, ಅದೇ ಹೊತ್ತಿಗೆ ಅದೇ ಜಾಗದಲ್ಲಿ ಸಿಗುತ್ತಿರಿ. ‘ಮತ್ತೆ ಯಾಕೆ ಹೋದೆ’ ಅನ್ನಬೇಡಿ. ‘ಊಟ ಆಯ್ತಾ’ ಅನ್ನಿ.