ಅಂಬಾರಿ ಹೊತ್ತ ಕೇಕ್ ಘಾಟಿ ಇಳಿದಾಗ

ತಂಗಿಯ ಮಗನಿಗೆ ದಸರಾ ಆನೆಯ ಹುಚ್ಚು. ಅವನ ಹುಟ್ಟುಹಬ್ಬಕ್ಕೆಂದು ಮನೆಯಲ್ಲೇ ಎರಡು ಅಂತಸ್ತಿನ ಕೇಕ್ ಮಾಡಿದೆ. ಸುತ್ತಲೂ ಬೆಣ್ಣೆ, ಸಕ್ಕರೆ ಸೇರಿಸಿ ಕಡೆದ ಬಟರ್‌ಕ್ರೀಮ್, ನೆತ್ತಿಯ ಮೇಲೆ ಫಾಂಡೆಂಟ್ ಎಂಬ ಸಕ್ಕರೆಯ ಕಣಕದಿಂದ ತಿದ್ದಿದ ಆನೆ, ಅದರ ಬೆನ್ನಿಗೆ ಹಳದಿ ಅಂಬಾರಿ. ಮಾಡಿದ್ದು ಮೈಸೂರಿನಲ್ಲಿ, ಕತ್ತರಿಸಬೇಕಾದದ್ದು ಮಂಗಳೂರಿನಲ್ಲಿ. ನಡುವೆ ಸುಮಾರು 250 ಕಿಲೋಮೀಟರ್ ದಾರಿ, ಸಂಪಾಜೆ ಘಾಟಿ, ಏಪ್ರಿಲ್ ತಿಂಗಳ ಬಿಸಿಲು.

‘ನನ್ನ ತೊಡೆಯ ಮೇಲೆ ಇಡು, ಮಗುವಿನ ಹಾಗೆ ಹಿಡಿದುಕೊಂಡಿರುತ್ತೇನೆ’ ಎಂದರು ಅಮ್ಮ. ಮಗುವಿಗೆ ಬೆಚ್ಚಗಿನ ಮಡಿಲು ಬೇಕು, ನಿಜ. ಆದರೆ ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಹೆಚ್ಚುಕಡಿಮೆ 100 ವಾಟ್ ಶಾಖ ಹೊರಬೀಳುತ್ತಿರುತ್ತದೆ, ಹಳೆಯ ಕಾಲದ ದಪ್ಪ ಬಲ್ಬಿನಷ್ಟು. ಉರಿಯುವ ಬಲ್ಬಿನ ಮೇಲೆ ಬೆಣ್ಣೆಯನ್ನು ಯಾರು ಇಡುತ್ತಾರೆ?

ಬೆಣ್ಣೆಯ ಸ್ವಭಾವವನ್ನು ಕೊಬ್ಬರಿ ಎಣ್ಣೆಯ ಪಕ್ಕದಲ್ಲಿಟ್ಟು ನೋಡಬೇಕು. ಡಿಸೆಂಬರ್ ಮುಂಜಾನೆ ಮೈಸೂರಿನ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗಿರುತ್ತದೆ. ಬಿಸಿಲಿಗಿಟ್ಟರೆ 24–25 ಡಿಗ್ರಿಯ ಆಸುಪಾಸಿನಲ್ಲಿ ಪೂರ್ತಿ ಕರಗಿಬಿಡುತ್ತದೆ. ಬೆಣ್ಣೆಗೆ ಹಾಗೆ ಒಂದೇ ಗಡಿ ಇಲ್ಲ. ಅದರಲ್ಲಿ ಬಗೆಬಗೆಯ ಕೊಬ್ಬುಗಳಿದ್ದು, ಒಂದೊಂದು ಒಂದೊಂದು ಉಷ್ಣತೆಯಲ್ಲಿ ಕರಗುತ್ತದೆ. ಫ್ರಿಜ್ಜಿನ 5 ಡಿಗ್ರಿಯಲ್ಲಿ ಹಾಲಿನ ಕೊಬ್ಬಿನ ಸುಮಾರು ಅರ್ಧ ಭಾಗ ಗಟ್ಟಿ ಹರಳಿನ ರೂಪದಲ್ಲಿರುತ್ತದೆ. 20 ಡಿಗ್ರಿಗೆ ಬಂದರೆ ಐದರಲ್ಲೊಂದು ಪಾಲಷ್ಟೇ ಗಟ್ಟಿ. 35 ದಾಟುವ ಹೊತ್ತಿಗೆ ಎಲ್ಲವೂ ಎಣ್ಣೆ. ಬಟರ್‌ಕ್ರೀಮ್‌ನ ಗುಲಾಬಿ ಎಸಳು ಎದ್ದು ನಿಲ್ಲುವುದು ಈ ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಚಪ್ಪರದಂತೆ ಆತುಕೊಂಡಿರುವುದರಿಂದ. ಚಪ್ಪರದ ಕಂಬಗಳು ಕರಗುತ್ತಾ ಹೋದಂತೆ, ಮೊದಲು ತಡೆದುಕೊಂಡಿದ್ದ ಕುಲುಕಾಟವೇ ಅದನ್ನು ಹರಿಯುವಂತೆ ಮಾಡುತ್ತದೆ. ಕೇಕ್ ಕೆಟ್ಟಾಗ ನಾವು ರಸ್ತೆಯ ಗುಂಡಿಯನ್ನು ಬೈಯುತ್ತೇವೆ. ಎಷ್ಟೋ ಸಲ ನಿಜವಾದ ಅಪರಾಧಿ ಬಿಸಿ.

ಹಾಗಾಗಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ನೇರವಾಗಿ ಥರ್ಮೋಕೋಲ್ ಪೆಟ್ಟಿಗೆಗೆ ಇಳಿಸಿ, ಮುಚ್ಚಳಕ್ಕೆ ಟೇಪ್ ಸುತ್ತಿದೆ. ಕೇಕಿನ ಮೈತುಂಬಾ ಗಾಳಿಯ ಗೂಡುಗಳಿರುವುದರಿಂದ ಶಾಖ ಒಳಗೆ ನುಗ್ಗುವುದು ನಿಧಾನ. ಒಳಗಿನವರೆಗೂ ತಣಿದ ಕೇಕ್ ಗಂಟೆಗಟ್ಟಲೆ ತಂಪನ್ನು ಕಾಪಾಡಿಕೊಳ್ಳುತ್ತದೆ. ಪೆಟ್ಟಿಗೆಗೆ ಜಾಗ ಮಾಡಿದ್ದು ಮುಂದಿನ ಸೀಟಿನ ಎದುರು, ಕಾಲಿಡುವ ಕಡೆ. ಸೀಟು ಹಿಂದಕ್ಕೆ ಇಳಿಜಾರಾಗಿರುತ್ತದೆ, ನಮ್ಮ ಕಾರಿನ ಡಿಕ್ಕಿಗೆ ಎ.ಸಿ. ಗಾಳಿ ಹೋಗುವುದಿಲ್ಲ. ಅಮ್ಮ ಹಿಂದೆ ಕುಳಿತರು, ತುಸು ಮುನಿಸಿನಿಂದಲೇ.

ಇನ್ನು ತಿರುವುಗಳ ಲೆಕ್ಕ. 30 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ತೆಗೆದುಕೊಂಡರೆ, ಕೇಕಿನ ತೂಕದ ಶೇ. 40ಕ್ಕೂ ಮಿಗಿಲಾದ ಬಲ ಅದನ್ನು ಪಕ್ಕಕ್ಕೆ ನೂಕಿದಂತಾಗುತ್ತದೆ. ವೇಗವನ್ನು 20ಕ್ಕೆ ಇಳಿಸಿದರೆ ಅದು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ, ಅಂದರೆ ತೂಕದ ಶೇ. 10ರಷ್ಟು. ಪೆಟ್ಟಿಗೆ ಜಾರದಂತೆ ಯೋಗದ ಚಾಪೆಯ ಒಂದು ತುಂಡನ್ನು ಕೆಳಗೆ ಹಾಸಿದ್ದೆ. ಮೈಸೂರಿನಲ್ಲಿ ಹಳೆಯ ಯೋಗದ ಚಾಪೆಗೆ ಬರವೇ? ಜಾರದಿದ್ದರೂ ಎತ್ತರದ ವಸ್ತು ಉರುಳಬಹುದು. ಇದಕ್ಕೆ ಮಾವುತರೇ ಗುರುಗಳು. ಸುಮಾರು 750 ಕಿಲೋ ತೂಗುವ ಅಂಬಾರಿಯನ್ನು ನಡೆಯುವ ಆನೆಯ ಬೆನ್ನಿಗೆ ಏರಿಸುವಾಗ ಕೆಳಗೆ ನಮ್ದಾ ಎಂಬ ಮೆತ್ತೆ, ಗಾದಿ ಹಾಸಿ ಹಗ್ಗದಿಂದ ಬಿಗಿಯುತ್ತಾರೆ. ನಾನು ಬಿದಿರಿನ ಕಡ್ಡಿಗಳನ್ನು ಎರಡೂ ಅಂತಸ್ತುಗಳ ಮೂಲಕ ತಳದ ಹಲಗೆಯವರೆಗೆ ಇಳಿಸಿದ್ದೆ. ಘಾಟಿಯಲ್ಲಿ ಹಿಂದಿನವರು ಹಾರ್ನ್ ಒತ್ತಿದ್ದೇ ಒತ್ತಿದ್ದು, ಕೇಕ್ ಅಲುಗಲಿಲ್ಲ.

ಮೋಸ ಮಾಡಿದ್ದು ಅಲ್ಲಿಯವರೆಗೆ ಕಾಪಾಡಿಕೊಂಡು ಬಂದಿದ್ದ ಅದೇ ತಂಪು. ಗಾಳಿಯಲ್ಲಿರುವ ನೀರಾವಿ ಯಾವ ಉಷ್ಣತೆಗೆ ಇಳಿದರೆ ಹನಿಯಾಗುತ್ತದೋ ಅದು ಇಬ್ಬನಿ ಬಿಂದು. ಮೈಸೂರಿನ ಒಣ ಮಧ್ಯಾಹ್ನ 34 ಡಿಗ್ರಿ ಸೆಕೆ, ಶೇ. 30 ಆರ್ದ್ರತೆ ಇದ್ದರೆ ಆ ಬಿಂದು ಸುಮಾರು 14 ಡಿಗ್ರಿ. ಕರಾವಳಿಯಲ್ಲಿ 33 ಡಿಗ್ರಿ, ಶೇ. 70 ಆರ್ದ್ರತೆ ಇದ್ದರೆ ಸುಮಾರು 27! ಅಲ್ಲಿ 27 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಕೂರುತ್ತದೆ. ಜೊತೆಗೆ, ಫಾಂಡೆಂಟ್ ಎಂದರೆ ಬಹುಪಾಲು ಸಕ್ಕರೆ, ನೀರು ಕಂಡರೆ ಬಿಡುವುದಿಲ್ಲ. ಮಳೆಗಾಲದಲ್ಲಿ ಡಬ್ಬದ ಮುಚ್ಚಳ ಸಡಿಲವಾದರೆ ಮಂಡ್ಯದ ಅಚ್ಚುಬೆಲ್ಲ ಬೆವರಿ ಅಂಟಂಟಾಗುತ್ತದಲ್ಲ, ಅದೇ ಗುಣ.

ಪೆಟ್ಟಿಗೆಯನ್ನು ತೆರೆಯದೆ ಬಿಟ್ಟಿದ್ದರೆ ಒಳಗೆ ಹೊಸ ತೇವ ಬರುತ್ತಿರಲಿಲ್ಲ, ಕೇಕ್ ತಾನಾಗಿ ಕೋಣೆಯ ಉಷ್ಣತೆಗೆ ಬರುತ್ತಿತ್ತು. ಎರಡು ಗಂಟೆ ಕಾಯಿರಿ ಎಂದು ಹೇಳಿ ಕೈಕಾಲು ತೊಳೆಯಲು ಹೋದೆ. ಬರುವಷ್ಟರಲ್ಲಿ ಟೇಪ್ ಕಿತ್ತಾಗಿತ್ತು. ಆನೆಯ ಮೈಯೆಲ್ಲ ಸಣ್ಣ ಸಣ್ಣ ಹನಿ. ಕಣ್ಣಿಗೆ ಬಳಿದಿದ್ದ ಕಪ್ಪು ಬಣ್ಣ ಕರಗಿ ಕೆನ್ನೆಯ ಉದ್ದಕ್ಕೂ ಇಳಿಯುತ್ತಿತ್ತು. ಅಮ್ಮ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ಹುಡುಗ ಬಗ್ಗಿ ಗಂಭೀರವಾಗಿ ಪರೀಕ್ಷಿಸಿದ. ‘ದೊಡ್ಡಮ್ಮ, ಆನೆಗೆ ಮದ ಬಂದಿದೆ. ಇದನ್ನು ಮೆರವಣಿಗೆಗೆ ಬಿಡುವ ಹಾಗಿಲ್ಲ’ ಎಂದವನೇ ಅಂಬಾರಿಯನ್ನು ಇಳಿಸಿ ಬಾಯಿಗೆ ಹಾಕಿಕೊಂಡ.