ಗೋದಾಮಿನೊಳಗೆ ಏನಿದೆ? ಅಮೆರಿಕದ ಟಿಯರ್ ಟು ವರದಿ ಮತ್ತು ರಾಜ್ಯಕ್ಕೊಂದು ಶುಲ್ಕ

ಫೆಬ್ರವರಿ ಬಂತೆಂದರೆ ಅಮೆರಿಕದ ಗೋದಾಮು, ಕಾರ್ಖಾನೆ, ಡೇಟಾ ಸೆಂಟರ್‌ಗಳಲ್ಲಿ ಸುರಕ್ಷತೆ ನೋಡಿಕೊಳ್ಳುವವರಿಗೆ ನಿದ್ದೆ ಕಡಿಮೆ. ಮಾರ್ಚ್ 1ರೊಳಗೆ ಟಿಯರ್ ಟು ವರದಿ ಹೋಗಬೇಕು. ಹಿಂದಿನ ವರ್ಷ ನಿಮ್ಮ ಜಾಗದಲ್ಲಿ ಯಾವ ಅಪಾಯಕಾರಿ ಕೆಮಿಕಲ್ ಇತ್ತು, ಎಷ್ಟಿತ್ತು, ಯಾವ ಮೂಲೆಯಲ್ಲಿ ಇಟ್ಟಿದ್ದಿರಿ ಅನ್ನುವ ಲೆಕ್ಕ ಅದು. ನಾಲ್ಕು ರಾಜ್ಯಗಳಲ್ಲಿ ಗೋದಾಮು ಇದ್ದರೆ ನಾಲ್ಕು ರೀತಿಯ ಪೋರ್ಟಲ್, ನಾಲ್ಕು ಪಾಸ್‌ವರ್ಡ್, ನಾಲ್ಕು ಥರದ ಶುಲ್ಕ. ಕೇಂದ್ರದ ಕಾನೂನು ಮಾತ್ರ ಒಂದೇ. ಕೆಲವು ವರ್ಷ ಈ ಫಾರಂ ತುಂಬಿದ ನನಗೂ ಮೊದಮೊದಲು ಇದರ ತಲೆಬುಡ ಗೊತ್ತಾಗಿರಲಿಲ್ಲ.

ಇದರ ಬೇರು ಇರುವುದು ನಮ್ಮ ಭೋಪಾಲದಲ್ಲಿ. ಅದಕ್ಕೂ ಮೊದಲೇ 1981ರಲ್ಲಿ ಫಿಲಡೆಲ್ಫಿಯಾ ನಗರ, 1983ರಲ್ಲಿ ನ್ಯೂಜೆರ್ಸಿ ರಾಜ್ಯ ‘ಪಕ್ಕದ ಕಾರ್ಖಾನೆಯಲ್ಲಿ ಏನಿದೆ ಎಂದು ತಿಳಿಯುವುದು ಜನರ ಹಕ್ಕು’ ಎಂದು ಕಾನೂನು ಮಾಡಿದ್ದವು. ಆದರೆ ದೇಶದ ಕಣ್ಣು ತೆರೆಸಿದ್ದು 1984ರ ಡಿಸೆಂಬರ್ 2ರ ರಾತ್ರಿ. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೊಸೈನೇಟ್ ಸೋರಿತು. ಅದೇ ಅನಿಲ ತಯಾರಿಸುತ್ತಿದ್ದ ಇನ್ನೊಂದು ಕಾರ್ಖಾನೆ ವೆಸ್ಟ್ ವರ್ಜೀನಿಯಾದ ಇನ್‌ಸ್ಟಿಟ್ಯೂಟ್ ಎಂಬ ಊರಿನಲ್ಲಿತ್ತು. ‘ಇಲ್ಲಿ ಹಾಗಾಗಲ್ಲ’ ಎಂದು ಜನರಿಗೆ ಭರವಸೆ ಕೊಟ್ಟಿದ್ದಾಯಿತು. 1985ರ ಆಗಸ್ಟ್ 11ರಂದು ಅಲ್ಲಿಯೂ ಸೋರಿತು. ಅನಿಲ ಬೇರೆಯದು, ಸುಮಾರು 135 ಜನ ಆಸ್ಪತ್ರೆಗೆ ಹೋದರು. 1986ರ ಅಕ್ಟೋಬರ್ 17ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದರು. ತುರ್ತು ಯೋಜನೆ ಮತ್ತು ಸಮುದಾಯದ ತಿಳಿಯುವ ಹಕ್ಕಿನ ಕಾನೂನು ಜಾರಿಗೆ ಬಂತು.

ಅದು ಹೇಳುವುದು ಇಷ್ಟು. ಸಾಮಾನ್ಯ ಅಪಾಯಕಾರಿ ಕೆಮಿಕಲ್ 10,000 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಟನ್ ಮುಟ್ಟಿದರೆ ವರದಿ ಕೊಡಿ. ‘ಅತ್ಯಂತ ಅಪಾಯಕಾರಿ’ ಎಂಬ ಪಟ್ಟಿಯಲ್ಲಿದ್ದರೆ 500 ಪೌಂಡ್ ಸಾಕು, ಕೆಲವಕ್ಕೆ ಅದಕ್ಕಿಂತ ಕಡಿಮೆ. ಕ್ಲೋರಿನ್‌ಗೆ ಬರೀ 100 ಪೌಂಡ್. ನೀರು ಶುದ್ಧ ಮಾಡುವ ಘಟಕಗಳಲ್ಲಿ ಕಾಣುವ 150 ಪೌಂಡಿನ ಒಂದೇ ಒಂದು ಸಿಲಿಂಡರ್ ಇದ್ದರೂ ಲೆಕ್ಕಕ್ಕೆ ಬಂತು.

ಜನ ಎಡವುವುದು ಬ್ಯಾಟರಿಯಲ್ಲಿ. ಲೆಡ್ ಆ್ಯಸಿಡ್ ಬ್ಯಾಟರಿಯೊಳಗಿನ ಸಲ್ಫ್ಯೂರಿಕ್ ಆ್ಯಸಿಡ್ ಆ ವಿಶೇಷ ಪಟ್ಟಿಯಲ್ಲಿದೆ, ಮಿತಿ 500 ಪೌಂಡ್. ಗೋದಾಮಿನಲ್ಲಿ ನಾಲ್ಕೈದು ದೊಡ್ಡ ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟ್ ಓಡುತ್ತಿದ್ದರೆ ಆ ಮಿತಿ ದಾಟಿರುತ್ತೀರಿ. ಡೇಟಾ ಸೆಂಟರ್‌ನ ಯುಪಿಎಸ್ ಕೋಣೆಯ ಕತೆಯೂ ಅದೇ. ‘ನಾವು ಸಾಫ್ಟ್‌ವೇರ್‌ನವರು, ನಮಗೇನು ಕೆಮಿಕಲ್?’ ಎಂದು ಕೇಳಿದವರಿಗೆ ಆ ಕೋಣೆಯ ಬಾಗಿಲು ತೆಗೆದು ತೋರಿಸಿದ್ದೇನೆ. ಇನ್ನೊಂದು ಕಡೆ, ಪೆಟ್ರೋಲ್ ಬಂಕಿನ ನೆಲದಡಿ ಟ್ಯಾಂಕುಗಳಲ್ಲಿ 75,000 ಗ್ಯಾಲನ್ ತನಕ ಪೆಟ್ರೋಲ್ ಇದ್ದರೂ, ಟ್ಯಾಂಕಿನ ನಿಯಮ ಪಾಲಿಸಿದ್ದರೆ, ವರದಿ ಬೇಡ. ರೈತರು ದಿನನಿತ್ಯದ ಬೇಸಾಯಕ್ಕೆ ಬಳಸುವುದಕ್ಕೂ ವಿನಾಯಿತಿ ಇದೆ.

ವರದಿ ಮೂರು ಕಡೆ ಹೋಗುತ್ತದೆ: ರಾಜ್ಯದ ತುರ್ತು ಆಯೋಗ, ಸ್ಥಳೀಯ ಯೋಜನಾ ಸಮಿತಿ, ಊರಿನ ಅಗ್ನಿಶಾಮಕ ಠಾಣೆ. ಗೋಜಲು ಶುರುವಾದದ್ದೂ ಇಲ್ಲೇ. ಸಮಿತಿ ಮಾಡಿ ಎಂದಿತು ಕಾನೂನು, ಅದನ್ನು ನಡೆಸಲು ದುಡ್ಡು ಎಲ್ಲಿಂದ ಎಂದು ಹೇಳಲಿಲ್ಲ. ದೇಶದಲ್ಲಿ ಇಂಥ ಸ್ಥಳೀಯ ಸಮಿತಿಗಳು 3,000ಕ್ಕೂ ಜಾಸ್ತಿ. ಬಹಳಷ್ಟು ಕಡೆ ಸಂಬಳವಿಲ್ಲದ ಸ್ವಯಂಸೇವಕರೇ ಅವನ್ನು ಎಳೆದುಕೊಂಡು ಹೋಗುತ್ತಾರೆ.

ಹಾಗಾಗಿ ರಾಜ್ಯಗಳು ತಮತಮಗೆ ತೋಚಿದಂತೆ ದುಡ್ಡು ಹುಡುಕಿಕೊಂಡವು. ಪೆನ್ಸಿಲ್ವೇನಿಯಾ 1990ರ ಕಾನೂನಿನಲ್ಲಿ ಒಂದೊಂದು ಕೆಮಿಕಲ್‌ಗೆ 10 ಡಾಲರ್ ಇಟ್ಟಿತು. ಕೌಂಟಿಗಳ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತಗಳ ಶುಲ್ಕ ಬೇರೆ. ಫ್ಲಾರಿಡಾ ಕೆಲಸಗಾರರ ತಲೆ ಎಣಿಸಿತು: ಕಡಿಮೆಯೆಂದರೆ 25 ಡಾಲರ್, ಹೆಚ್ಚೆಂದರೆ 2,000. ಒಹಾಯೊದಲ್ಲಿ ಒಂದು ಮೂಲ ಶುಲ್ಕ, ಅದರ ಮೇಲೆ ಕೆಮಿಕಲ್ ಲೆಕ್ಕ, ಅಪಾಯ ಜಾಸ್ತಿಯಾದರೆ ಶುಲ್ಕವೂ ಜಾಸ್ತಿ. ಕೆಲವು ರಾಜ್ಯಗಳು ಏನನ್ನೂ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದ್ದು ಪೂರ್ತಿ ಬೇರೆ ದಾರಿ. ಅಲ್ಲಿ 55 ಗ್ಯಾಲನ್, ಅಂದರೆ ಒಂದು ಬ್ಯಾರಲ್ ದ್ರವ ಇದ್ದರೂ ಲೆಕ್ಕ ಕೊಡಬೇಕು. ಶುಲ್ಕ ನಿಗದಿಯಾಗುವುದು ಸ್ಥಳೀಯ ಸಂಸ್ಥೆಯಲ್ಲಿ. 2013ರಿಂದ ಎಲ್ಲವೂ ಆನ್‌ಲೈನ್.

ಒಂದೊಂದು ಲೆಕ್ಕಕ್ಕೂ ಒಂದೊಂದು ವಿಚಿತ್ರ ಅಂಟಿಕೊಂಡಿದೆ. ತಲೆ ಎಣಿಸಿದರೆ, ಮೂರು ಜನ ನೋಡಿಕೊಳ್ಳುವ ದೊಡ್ಡ ಟ್ಯಾಂಕ್ ಅಂಗಳ ಚಿಲ್ಲರೆ ಕಟ್ಟಿ ಪಾರಾಗುತ್ತದೆ. ಇನ್ನೂರು ಜನರ ಗೋದಾಮು ಬರೀ ಬ್ಯಾಟರಿಗಾಗಿ ಜಾಸ್ತಿ ಕಟ್ಟುತ್ತದೆ. ಕೆಮಿಕಲ್ ಎಣಿಸಿದರೆ, ಒಂದೇ ಒಂದು ವಸ್ತುವನ್ನು ಬೆಟ್ಟದಷ್ಟು ಪೇರಿಸಿಟ್ಟವರಿಗೆ ಲಾಭ. ಇಷ್ಟಾಗಿಯೂ ಶುಲ್ಕ ಇರುವುದೇ ತಪ್ಪು ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಬಂದ ಲಕ್ಷಾಂತರ ಕಾಗದ ಓದಲು ಯಾರಾದರೂ ಬೇಕಲ್ವಾ?

ಓದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಟೆಕ್ಸಸ್‌ನ ವೆಸ್ಟ್ ಎಂಬ ಸಣ್ಣ ಊರಿಗೆ ಹೋಗಬೇಕು. 2013ರ ಏಪ್ರಿಲ್ 17ರ ಸಂಜೆ ಅಲ್ಲಿನ ಗೊಬ್ಬರದ ದಾಸ್ತಾನಿಗೆ ಬೆಂಕಿ ಬಿತ್ತು. ಸ್ವಯಂಸೇವಕ ಅಗ್ನಿಶಾಮಕರು ಓಡಿ ಬಂದರು. ಇಪ್ಪತ್ತು ನಿಮಿಷದಲ್ಲಿ ಅಮೋನಿಯಂ ನೈಟ್ರೇಟ್ ಸಿಡಿಯಿತು. ಸತ್ತವರು 15 ಜನ, ಅವರಲ್ಲಿ 12 ಮಂದಿ ಬೆಂಕಿ ಆರಿಸಲು, ನೆರವಾಗಲು ಬಂದವರು. ಶಾಲೆ, ವೃದ್ಧರ ಆರೈಕೆ ಮನೆ ಹತ್ತಿರದಲ್ಲೇ ಇದ್ದವು. ಅಲ್ಲಿ 270 ಟನ್ ಅಮೋನಿಯಂ ನೈಟ್ರೇಟ್ ಇದೆ ಎಂದು ರಾಜ್ಯಕ್ಕೆ ಕೊಟ್ಟ ವರದಿಯಲ್ಲೇ ಬರೆದಿತ್ತು. ಆಗ ಆ ವರದಿಗಳು ಸೇರುತ್ತಿದ್ದದ್ದು ರಾಜ್ಯದ ಆರೋಗ್ಯ ಇಲಾಖೆಗೆ. ಭದ್ರತೆ ನೋಡುವ ಕೇಂದ್ರ ಇಲಾಖೆಗೆ ಆ ಜಾಗದ ವಿಚಾರವೇ ಗೊತ್ತಿರಲಿಲ್ಲ. ಅದು ಸಿಡಿಯಬಹುದು ಎಂಬ ತಿಳಿವಳಿಕೆ ಬೆಂಕಿ ಆರಿಸುವವರಿಗೆ ಮುಟ್ಟಿರಲಿಲ್ಲ. ಯಾರದು ತಪ್ಪು ಎಂದು ಹುಡುಕಿ ಹೊರಟರೆ ಎಲ್ಲರ ಕಡತವೂ ಸರಿಯಾಗಿಯೇ ಇರುತ್ತದೆ.

2014ರಲ್ಲಿ ಟೆಕ್ಸಸ್ ಅಟಾರ್ನಿ ಜನರಲ್ ಕಚೇರಿಯಿಂದ ಬಂದ ಅಭಿಪ್ರಾಯ ಇನ್ನಷ್ಟು ತಲೆ ಕೆಡಿಸಿತು. ಭಯೋತ್ಪಾದಕರ ಕೈಗೆ ಸಿಗಬಾರದೆಂದು ರಾಜ್ಯದ ಇಲಾಖೆ ಈ ಮಾಹಿತಿಯನ್ನು ಜನರಿಗೆ ಕೊಡದೆ ಇರಬಹುದು, ಬೇಕಾದವರು ನೇರ ಕಂಪನಿಯನ್ನೇ ಕೇಳಲಿ ಎಂದು. 2001ರ ದಾಳಿಯ ನಂತರ ಶುರುವಾದ ಭಯ ಅದು, ಪೂರ್ತಿ ಸುಳ್ಳೂ ಅಲ್ಲ. ಆದರೆ ಪಕ್ಕದ ಮನೆಯವರು ಕಾರ್ಖಾನೆಯ ಗೇಟಿಗೆ ಹೋಗಿ ‘ಒಳಗೆ ಏನಿಟ್ಟಿದ್ದೀರಿ ಸ್ವಾಮಿ?’ ಎಂದು ಕೇಳುವುದನ್ನು ಸುಮ್ನೆ ಊಹಿಸಿಕೊಳ್ಳಿ. 2015ರಲ್ಲಿ ಆ ರಾಜ್ಯ ಈ ಕೆಲಸವನ್ನು ಪರಿಸರ ಆಯೋಗಕ್ಕೆ ವರ್ಗಾಯಿಸಿತು.

ಅಷ್ಟರಲ್ಲಿ ಮತ್ತೆ ವೆಸ್ಟ್ ವರ್ಜೀನಿಯಾ. 2014ರ ಜನವರಿ 9ರಂದು ಚಾರ್ಲ್‌ಸ್ಟನ್ ಬಳಿ ಟ್ಯಾಂಕಿನಿಂದ ಕಲ್ಲಿದ್ದಲು ತೊಳೆಯಲು ಬಳಸುವ ಕೆಮಿಕಲ್ ಎಲ್ಕ್ ನದಿಗೆ ಸೇರಿತು. ಸುಮಾರು 3 ಲಕ್ಷ ಜನರಿಗೆ ‘ನಲ್ಲಿ ನೀರು ಮುಟ್ಟಬೇಡಿ’ ಎಂದು ಹೇಳಬೇಕಾಯಿತು. ನೀರೆತ್ತುವ ಜಾಗ ಅಲ್ಲಿಂದ ಕೆಳಗೆ ಒಂದೂವರೆ ಮೈಲು ಅಷ್ಟೇ. ಇಲ್ಲಿಯೂ ಟಿಯರ್ ಟು ವರದಿ ಸಲ್ಲಿಕೆಯಾಗಿತ್ತು. ಆದರೆ ವರದಿ ಹೋಗುವ ಮೂರು ಜಾಗಗಳಲ್ಲಿ ನೀರು ಸರಬರಾಜು ಮಾಡುವವರ ಹೆಸರೇ ಇರಲಿಲ್ಲ. ಇನ್‌ಸ್ಟಿಟ್ಯೂಟ್ ಊರು ಇರುವುದೂ ಇದೇ ಕೌಂಟಿಯಲ್ಲಿ. ನೀರಿನವರಿಗೆ ಆ ವರದಿ ಸಿಗುವಂತೆ ಕೇಂದ್ರ ಕಾನೂನು ತಿದ್ದಿದ್ದು 2018ರಲ್ಲಿ.

ನಮ್ಮಲ್ಲೂ ಭೋಪಾಲದ ನಂತರ 1989ರಲ್ಲಿ ಅಪಾಯಕಾರಿ ಕೆಮಿಕಲ್ ದಾಸ್ತಾನಿನ ನಿಯಮ ಬಂತು. 1991ರ ಕಾನೂನು ಇಂಥ ಘಟಕಗಳಿಗೆ ವಿಮೆ ಕಡ್ಡಾಯ ಮಾಡಿತು, ಪ್ರೀಮಿಯಂ ಜೊತೆ ಪರಿಹಾರ ನಿಧಿಗೂ ದುಡ್ಡು ಕಟ್ಟಿಸಿತು. ಅಮೆರಿಕದ ರಾಜ್ಯಗಳು ವರದಿಗೆ ದುಡ್ಡು ಕೇಳಿದವು, ನಾವು ಅವಘಡದ ಪರಿಹಾರಕ್ಕೆ ಕೇಳಿದೆವು.

ಒಮ್ಮೆ ವರದಿ ಸಲ್ಲಿಸಿದ ಮೇಲೆ ಅಲ್ಲಿನ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ, ‘ನಮ್ಮದು ಸಿಕ್ಕಿತಾ?’ ಎಂದು ಕೇಳಿದೆ. ಪೋರ್ಟಲ್‌ನ ಪಾಸ್‌ವರ್ಡ್ ಮರೆತು ಎಷ್ಟು ವರ್ಷವಾಯಿತೋ ಎಂದು ಮುಖ್ಯಸ್ಥರು ನಕ್ಕರು. ಮರುದಿನ ಅವರೇ ಬಂದರು. ಅರ್ಧ ಗಂಟೆ ಗೋದಾಮು ಸುತ್ತಿ, ಬ್ಯಾಟರಿ ಚಾರ್ಜ್ ಮಾಡುವ ಜಾಗ, ಕರೆಂಟಿನ ಮುಖ್ಯ ಸ್ವಿಚ್, ಹಿಂದಿನ ಗೇಟು ಎಲ್ಲವನ್ನೂ ಜೇಬಿನ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಗೀಚಿಕೊಂಡು, ಒಂದು ಕಾಫಿ ಕುಡಿದು ಹೋದರು.